ಎಷ್ಟು ದೂರ, ಎಷ್ಟು ಬೆಳಕು?

ಹೊಸದಾಗಿ ಫೋಟೋಗ್ರಫಿಗೆ ಇಳಿಯುವವರು ಮೊದಲು ಕೇಳುವುದು, ಯಾವ ಕ್ಯಾಮೆರಾ ಕೊಳ್ಳಲಿ ಅಂತ. ನಾನು ತಿರುಗಿ ಕೇಳುವುದು ಬೇರೆ. ನೀವು ತೆಗೆಯಬೇಕೆಂದಿರುವ ಚಿತ್ರದಲ್ಲಿ ನಿಮಗೂ ಎದುರಿಗಿರುವುದಕ್ಕೂ ನಡುವೆ ದೂರ ಎಷ್ಟಿರುತ್ತದೆ? ಅಲ್ಲಿ ಬೆಳಕು ಎಷ್ಟಿರುತ್ತದೆ? ಇವೆರಡು ಗೊತ್ತಾದರೆ ಯಾವ ಲೆನ್ಸ್ ಬೇಕೆಂಬುದು ಮುಕ್ಕಾಲು ಪಾಲು ತೀರ್ಮಾನವಾದಂತೆ. ಲೆನ್ಸ್ ತೀರ್ಮಾನವಾದ ಮೇಲೆ ಕ್ಯಾಮೆರಾ ಆರಿಸುವುದು ಕಷ್ಟವಲ್ಲ. ಬಹಳ ಮಂದಿ ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಕೂಡಿಟ್ಟ ಹಣವನ್ನೆಲ್ಲ ಕ್ಯಾಮೆರಾಕ್ಕೆ ಸುರಿದು, ಉಳಿದದ್ದರಲ್ಲಿ ಸಿಕ್ಕ ಲೆನ್ಸ್ ತಂದು, ಹಕ್ಕಿ ಚುಕ್ಕಿಯಷ್ಟು ಬಂತು, ವೇದಿಕೆಯ ಚಿತ್ರ ಅಲುಗಾಡಿತು ಎಂದು ಬೇಸರಪಡುತ್ತಾರೆ. ಕ್ಯಾಮೆರಾ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಚೆನ್ನಾಗಿ ನೋಡಿಕೊಂಡ ಲೆನ್ಸ್ ಇಪ್ಪತ್ತು ವರ್ಷ ದುಡಿಯುತ್ತದೆ.

ದೂರದ ಲೆಕ್ಕಕ್ಕೆ ಹೈಸ್ಕೂಲಿನ ಗಣಿತ ಸಾಕು. ವಸ್ತುವಿನ ಅಳತೆಯನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಗುಣಿಸಿ ದೂರದಿಂದ ಭಾಗಿಸಿದರೆ, ಸೆನ್ಸರ್ ಮೇಲೆ ಬೀಳುವ ಬಿಂಬದ ಅಳತೆ ಹೆಚ್ಚುಕಡಿಮೆ ಸಿಗುತ್ತದೆ. ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ರಂಗನತಿಟ್ಟಿನ ದೋಣಿಯಲ್ಲಿ ಕುಳಿತಿದ್ದೀರಿ, ಹದಿನೈದು ಮೀಟರ್ ಆಚೆಯ ನಡುಗಡ್ಡೆಯಲ್ಲಿ ಸುಮಾರು ಒಂದು ಮೀಟರ್ ಎತ್ತರದ ಬಣ್ಣದ ಕೊಕ್ಕರೆ ನಿಂತಿದೆ ಎನ್ನಿ. 300 ಎಂಎಂ ಲೆನ್ಸಿನಲ್ಲಿ ಅದರ ಬಿಂಬ 20 ಮಿ.ಮೀ. ಅಂದರೆ ಫ್ರೇಮಿನ ಎತ್ತರವನ್ನೇ ಬಹುಪಾಲು ತುಂಬುತ್ತದೆ. ಕ್ರಾಪ್ ಸೆನ್ಸರ್ ಕ್ಯಾಮೆರಾ ಆದರೆ ಅದರ ಎತ್ತರ 16 ಮಿ.ಮೀ. ಆಸುಪಾಸು, ಹಕ್ಕಿಯ ತಲೆಯೋ ಕಾಲೋ ಫ್ರೇಮಿನ ಆಚೆ ಹೋಗುತ್ತದೆ. ಅಲ್ಲಿ 200 ಎಂಎಂ ಸಾಕು. ಬದಲಿಗೆ ಹತ್ತು ಮೀಟರ್ ದೂರದ ಕೊಂಬೆಯಲ್ಲಿ ಹದಿನೇಳು ಸೆಂಟಿಮೀಟರ್ ಉದ್ದದ ಚಿಕ್ಕ ಮಿಂಚುಳ್ಳಿ ಕುಳಿತಿದ್ದರೆ 500 ಎಂಎಂನಲ್ಲೂ ಬಿಂಬ ಎಂಟೂವರೆ ಮಿ.ಮೀ. ಮೀರುವುದಿಲ್ಲ. ಹಕ್ಕಿ ಫೋಟೋಗ್ರಫಿಗೆ ಎಷ್ಟು ಎಂಎಂ ಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರ ಸಿಗದಿರುವುದು ಇದಕ್ಕೇ. ಯಾವ ಹಕ್ಕಿ ಎಂದು ಮೊದಲು ಹೇಳಬೇಕು.

ಕಬಿನಿಯ ಹುಲಿಯದೂ ಇದೇ ಲೆಕ್ಕ. ಬಾಲ ಬಿಟ್ಟರೆ ಸುಮಾರು 1.8 ಮೀಟರ್ ಉದ್ದದ ಹುಲಿ ಮೂವತ್ತು ಮೀಟರ್ ದೂರದಲ್ಲಿ ಜೀಪಿಗೆ ಅಡ್ಡವಾಗಿ ನಡೆದುಹೋದರೆ 400 ಎಂಎಂನಲ್ಲಿ ಫ್ರೇಮಿನ ಮೂರನೇ ಎರಡು ಭಾಗ ಆವರಿಸುತ್ತದೆ. ಸುತ್ತಲಿನ ಬಿದಿರು, ಮುಂದಿನ ಹಾದಿಗೆ ಒಂದಿಷ್ಟು ಜಾಗ ಉಳಿಯುತ್ತದೆ. 600 ಎಂಎಂನಲ್ಲಿ ಮೂತಿಯಿಂದ ಹಿಂಗಾಲಿನವರೆಗೆ ಹುಲಿಯೊಂದೇ. ಅದು ಕಾಡಿನಲ್ಲಿತ್ತು ಎಂಬುದೇ ಚಿತ್ರದಿಂದ ಮಾಯ. ಬೇಸಿಗೆಯಲ್ಲಿ ಹಿನ್ನೀರು ಇಳಿದು, ಹಸಿರು ಹುಲ್ಲಿಗೆ ಆನೆಗಳ ಹಿಂಡು ಬಂದಾಗಲಂತೂ 70-200 ಎಂಎಂ ಜೂಮ್‌ಗಿಂತ ಒಳ್ಳೆಯದು ಬೇರೆ ಇಲ್ಲ. ಉದ್ದ ಲೆನ್ಸ್ ಇದ್ದವರೆಲ್ಲ ಆನೆಯ ಕಣ್ಣನ್ನೋ ದಂತವನ್ನೋ ಹಿಡಿಯುತ್ತ ಕುಳಿತಾಗ, ಮರಿಗಳನ್ನು ನಡುವೆ ಇಟ್ಟುಕೊಂಡು ನೀರಿಗಿಳಿಯುವ ಇಡೀ ಹಿಂಡಿನ ಚಿತ್ರ ಯಾರಿಗೂ ಸಿಗದೆ ಹೋಗುತ್ತದೆ.

ಕಾಡಿನಲ್ಲಿ ಹೆಚ್ಚು ಕಾಡುವುದು ದೂರಕ್ಕಿಂತ ಬೆಳಕು. ಬೆಳಗಿನ ಸಫಾರಿಯಲ್ಲಿ ಮರಗಳ ಅಡಿ ಇನ್ನೂ ಮಬ್ಬು. ಎಫ್/2.8 ಲೆನ್ಸ್ ಒಳಬಿಡುವ ಬೆಳಕು ಎಫ್/6.3 ಲೆನ್ಸಿನದಕ್ಕಿಂತ ಐದು ಪಟ್ಟು. ಹಾಗಾದರೆ ಎಲ್ಲರೂ ದೊಡ್ಡ ಅಪರ್ಚರಿನ ಉದ್ದ ಲೆನ್ಸನ್ನೇ ಏಕೆ ಕೊಳ್ಳುವುದಿಲ್ಲ? ಎಫ್ ಸಂಖ್ಯೆ ಅಂದರೆ ಫೋಕಲ್ ಲೆಂತ್‌ಗೂ ಬೆಳಕು ಹಾಯುವ ಕಿಂಡಿಯ ವ್ಯಾಸಕ್ಕೂ ಇರುವ ಅನುಪಾತ. 600 ಎಂಎಂ ಎಫ್/4 ಲೆನ್ಸಿಗೆ 150 ಮಿ.ಮೀ. ಕಿಂಡಿ ಬೇಕು, ಅಂದರೆ ಮುಂದಿನ ಗಾಜು ಒಂದು ಸಣ್ಣ ತಟ್ಟೆಯಷ್ಟು ಅಗಲ. ಅಷ್ಟು ದೊಡ್ಡ ಗಾಜನ್ನು ಕಲೆಯಿಲ್ಲದೆ ಎರಕ ಹೊಯ್ದು ಉಜ್ಜುವ ಕೆಲಸದಿಂದಲೇ ಲೆನ್ಸಿನ ಬೆಲೆ ಹತ್ತು ಲಕ್ಷ ರೂಪಾಯಿ ದಾಟುವುದು. ತೂಕವೂ ಹಾಗೆಯೇ. ನಿಕಾನ್‌ನ 600 ಎಂಎಂ ಎಫ್/4ಇ 3.8 ಕಿಲೋ. 2018ರಲ್ಲಿ ಅದೇ ಕಂಪನಿ ಫ್ರೆನೆಲ್ ಮಾದರಿಯ ಗಾಜು ಬಳಸಿ ತಂದ 500 ಎಂಎಂ ಎಫ್/5.6 ಸುಮಾರು ಒಂದೂವರೆ ಕಿಲೋ ಮಾತ್ರ. ಹೆಗಲು ನೋವಿಗೆ ಹೆದರಿ ಹಕ್ಕಿಗಳನ್ನು ಬಿಟ್ಟ ಹಿರಿಯರಿಗೆ ಇಂಥ ಲೆನ್ಸುಗಳು ದೊಡ್ಡ ಉಪಕಾರ. ಸೋನಿಯ 200-600, ನಿಕಾನ್‌ನ 180-600 ಜೂಮ್‌ಗಳು ಎರಡು ಕಿಲೋ ಆಸುಪಾಸಿನಲ್ಲಿ, ದೊಡ್ಡ ಲೆನ್ಸಿನ ಬೆಲೆಯ ಸಣ್ಣ ಪಾಲಿಗೆ ಸಿಗುತ್ತವೆ. ಹವ್ಯಾಸಿಗೆ ನಾನು ಹೇಳುವುದು ಇವನ್ನೇ. ಮಬ್ಬು ಬೆಳಕಿನ ಒಂದು ಗಂಟೆ ಕಷ್ಟವಾಗುತ್ತದೆ, ನಿಜ. ಆಗ ಐಎಸ್‌ಒ ಏರಿಸಿ, ಪ್ರಾಣಿ ನಿಂತ ಗಳಿಗೆಗೆ ಕಾಯಬೇಕು. 1.4 ಪಟ್ಟಿನ ಟೆಲಿಕನ್ವರ್ಟರ್ ಹಾಕಿ ದೂರ ಗೆಲ್ಲುತ್ತೇನೆ ಎಂದರೆ ಬೆಳಕು ಅರ್ಧಕ್ಕಿಳಿಯುತ್ತದೆ. ಎರಡು ಪಟ್ಟಿನದಾದರೆ ಕಾಲು ಭಾಗಕ್ಕೆ.

ಜೀಪಿನಲ್ಲಿ ಟ್ರೈಪಾಡ್ ಕೆಲಸಕ್ಕೆ ಬಾರದು. ಕಂಬಿಯ ಮೇಲೆ ಹಾಕುವ ಬೀನ್ ಬ್ಯಾಗ್ ಬೇಕು. ಖಾಲಿ ಚೀಲ ಒಯ್ದು, ಹತ್ತಿರದ ಊರಿನ ಅಂಗಡಿಯಲ್ಲಿ ಅಕ್ಕಿಯನ್ನೋ ಕಡಲೆಯನ್ನೋ ತುಂಬಿಸಿಕೊಂಡರಾಯಿತು. ಇನ್ನೊಂದು ಮಾತು. ನಡುಹಗಲಿನಲ್ಲಿ ಕಾದ ನೆಲದಿಂದ ಏಳುವ ಬಿಸಿಗಾಳಿ ದೂರದ ಬಿಂಬವನ್ನು ಕದಡುತ್ತದೆ. ಹತ್ತು ಲಕ್ಷದ ಲೆನ್ಸೂ ಅದನ್ನು ಸರಿಪಡಿಸಲಾರದು. ಸರಿಪಡಿಸುವ ದಾರಿ ಒಂದೇ, ಹತ್ತಿರ ಹೋಗುವುದು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಸುತ್ತ ಹಕ್ಕಿಗಳ ಚಿತ್ರ ತೆಗೆದದ್ದು ಫಿಲ್ಮ್ ಕಾಲದಲ್ಲಿ, ಇಂದಿನ ವೇಗದ ಆಟೋಫೋಕಸ್ ಇಲ್ಲದೆ. ಮರೆ ಕಟ್ಟಿ ಗಂಟೆಗಟ್ಟಲೆ ಕೂರುವ ವ್ಯವಧಾನ ಇದ್ದವರಿಗೆ ಫೋಕಲ್ ಲೆಂತ್ ಕಡಿಮೆ ಸಾಕು. ಗೂಡಿನ ಹತ್ತಿರ ಮಾತ್ರ ಯಾವ ಲೆನ್ಸೂ ಬೇಡ. ತಾಯಿಹಕ್ಕಿ ಗೂಡು ಬಿಟ್ಟುಹೋದರೆ ಆ ಚಿತ್ರಕ್ಕೆ ಬೆಲೆ ತೆರುವುದು ಮರಿಗಳು.

ಕಾಡು ಬಿಟ್ಟು ಬೇಲೂರಿಗೆ ಬನ್ನಿ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದಲ್ಲಿ ಬರುವವರ ಕೈಯಲ್ಲೆಲ್ಲ ವೈಡ್ ಆ್ಯಂಗಲ್ ಲೆನ್ಸ್. ಗುಡಿ ಅಂದರೆ ವೈಡ್ ಎಂಬ ನಂಬಿಕೆ ಅಷ್ಟು ಗಟ್ಟಿ. ಜಗಲಿಯ ಮೇಲೆ ನಿಂತು ತಲೆಯೆತ್ತಿ ಸೂರಿನಡಿಯ ಮದನಿಕೆಯನ್ನು ವೈಡ್‌ನಲ್ಲಿ ತೆಗೆದರೆ ಬರುವುದು ಗಲ್ಲ, ಮೂಗಿನ ಹೊಳ್ಳೆ ಮತ್ತು ಕುಗ್ಗಿದ ಮೈ. ಶಿಲ್ಪಿ ಅಷ್ಟು ಶ್ರಮದಿಂದ ಬಿಡಿಸಿದ ನಡುವಿನ ತಿರುವೇ ಕಳೆದುಹೋಗುತ್ತದೆ. ಜಗಲಿಯಿಂದ ಇಳಿದು ಅಂಗಳಕ್ಕೆ ಹೋಗಿ, ಹಿಂದೆ ಸರಿದು, 135 ಎಂಎಂ ಅಥವಾ 70-200 ಎಂಎಂನಲ್ಲಿ ನೋಡಿ. ನೋಟದ ಕೋನ ಚಪ್ಪಟೆಯಾಗುತ್ತದೆ, ಕನ್ನಡಿ ಹಿಡಿದ ಮದನಿಕೆಯ ಮುಖವೂ ಕನ್ನಡಿಯೂ ಸರಿಯಾದ ಪ್ರಮಾಣದಲ್ಲಿ ಕಾಣುತ್ತವೆ. ಆಕಾರ ಕೆಡಿಸುವುದು ಲೆನ್ಸಲ್ಲ, ನಾವು ನಿಂತ ಜಾಗ. ಲೆನ್ಸ್ ನಮ್ಮನ್ನು ಆ ಜಾಗಕ್ಕೆ ತಳ್ಳುತ್ತದೆ ಅಷ್ಟೇ.

ಬೆಳಕಿನ ವಿಷಯದಲ್ಲಿ ಬೇಲೂರು ಪಂಚಾಂಗ ನೋಡಿ ಹೋಗಬೇಕಾದ ಜಾಗ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣದ ಗೋಡೆಗೆ ಓರೆಬೆಳಕು ಬಿದ್ದು, ಬಳಪದ ಕಲ್ಲಿನ ಒಂದೊಂದು ಮಣಿಯೂ ಎದ್ದುಬರುತ್ತದೆ. ಬೇಲೂರು 13 ಡಿಗ್ರಿ ಅಕ್ಷಾಂಶದ ಹತ್ತಿರವಿದೆ. ಹಾಗಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ಅಲ್ಲಿ ಉತ್ತರಕ್ಕಿರುತ್ತಾನೆ. ಉಳಿದ ಕಾಲವೆಲ್ಲ ಆ ಹೊತ್ತಿಗೆ ನೆರಳಲ್ಲಿರುವ ಉತ್ತರದ ಗೋಡೆಗೆ ಬೆಳಕು ಬರುವುದು ಆಗಲೇ. ಸೂರಿನ ನೆರಳಿನಲ್ಲೇ ಇರುವ ಮದನಿಕೆಯರಿಗೆ ಅಂಗಳದ ಹಾಸುಗಲ್ಲಿನಿಂದ ಪುಟಿದು ಬರುವ ಬೆಳಕೇ ಒಳ್ಳೆಯದು. ಅದು ಮೃದು.

ನವರಂಗದ ಒಳಗೆ ಕತ್ತಲು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕು. ಇಲ್ಲಿ ಹಣ ಉಳಿಸುವ ಒಂದು ದಾರಿಯಿದೆ. ಕಲ್ಲು ಅಲುಗುವುದಿಲ್ಲ. ಅಲುಗುವುದು ನಮ್ಮ ಕೈ ಮಾತ್ರ, ಅದನ್ನು ಇಂದಿನ ಕ್ಯಾಮೆರಾ ಅಥವಾ ಲೆನ್ಸಿನ ಸ್ಟೆಬಿಲೈಸರ್ ನೋಡಿಕೊಳ್ಳುತ್ತದೆ. ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ನಿಧಾನದ ಶಟರ್‌ನಲ್ಲೂ, ಉಸಿರು ಬಿಗಿಹಿಡಿದು ಕಂಬಕ್ಕೆ ಒರಗಿದರೆ, ಕಡೆದ ಕಂಬಗಳ ಚಿತ್ರ ಸ್ಫುಟವಾಗಿ ಬರುತ್ತದೆ. ಎಂದರೆ ಗುಡಿಗೆ ದುಬಾರಿ ಎಫ್/2.8 ಜೂಮ್ ಬೇಕಿಲ್ಲ, ಎಫ್/4 ಸಾಕು.

ಇದೇ ಮಾತನ್ನು ಯಕ್ಷಗಾನಕ್ಕೆ ಹೇಳಿದರೆ ಪೂರ್ತಿ ತಪ್ಪಾಗುತ್ತದೆ. ದೀಪಾವಳಿಯ ನಂತರ ಹೊರಟ ಮೇಳಗಳು ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೂ ಕರಾವಳಿಯಲ್ಲಿ ರಾತ್ರಿಗಳು ಇರುವುದೇ ಆಟಕ್ಕಾಗಿ. ತೆಂಕುತಿಟ್ಟಿನ ಪುಂಡುವೇಷ ಧೀಂಗಿಣ ಹೊಡೆಯುವಾಗ ಸ್ಟೆಬಿಲೈಸರ್ ಏನೂ ಮಾಡಲಾರದು. ಅದು ನಿಲ್ಲಿಸುವುದು ನಮ್ಮ ಕೈಯ ಅಲುಗಾಟವನ್ನು, ಕಲಾವಿದನ ಜಿಗಿತವನ್ನಲ್ಲ. ಗಾಳಿಯಲ್ಲಿ ತಿರುಗಿದ ಮೈಯನ್ನು ಹಿಡಿಯಲು 1/500 ಸೆಕೆಂಡಿನ ಶಟರ್ ಬೇಕು, ಅದಕ್ಕೆ ಬೆಳಕು ಬೇಕು, ಬೆಳಕಿಗೆ ದೊಡ್ಡ ಅಪರ್ಚರ್ ಬೇಕು. ಇಲ್ಲಿ ಹಣ ಹಾಕಲೇಬೇಕು. ಮುಂದಿನ ಸಾಲಿನಲ್ಲಿ ಜಾಗ ಸಿಗುವವರಿಗೆ 85 ಎಂಎಂ ಎಫ್/1.8, ಪ್ರೇಕ್ಷಕರ ಹಿಂದೆ ನಿಲ್ಲುವವರಿಗೆ 70-200 ಎಫ್/2.8. ಬಣ್ಣ ಹಚ್ಚಿಕೊಳ್ಳುವ ಚೌಕಿಯೊಳಗೆ ಹೋಗಲು ಕಲಾವಿದರು ಒಪ್ಪಿದರೆ 35 ಎಂಎಂ ಎಫ್/1.8. ಅಲ್ಲಿ ಬಣ್ಣದ ವೇಷದವರು ಮುಖದ ಮೇಲೆ ಚುಟ್ಟಿ ಇಡುತ್ತ ಕನ್ನಡಿಯ ಮುಂದೆ ಗಂಟೆಗಟ್ಟಲೆ ಕೂರುತ್ತಾರೆ. ಜಾಗ ಇಕ್ಕಟ್ಟು, ಲೆನ್ಸ್ ಚಿಕ್ಕದಾದಷ್ಟೂ ಅವರಿಗೆ ತೊಂದರೆ ಕಡಿಮೆ.

ರಂಗಸ್ಥಳದ ಬೆಳಕು ಈಗ ಬಹುಪಾಲು ಎಲ್‌ಇಡಿ. ಅವುಗಳಲ್ಲಿ ಹಲವು ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ ನೂರು ಸಲ ಮಿಡಿಯುತ್ತವೆ. ಕಣ್ಣಿಗೆ ಅದು ತಿಳಿಯುವುದಿಲ್ಲ, ಕ್ಯಾಮೆರಾಕ್ಕೆ ತಿಳಿಯುತ್ತದೆ. ಮಿರರ್‌ಲೆಸ್ ಕ್ಯಾಮೆರಾದ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ತೆಗೆದರೆ ಮುಂಡಾಸಿನ ಮೇಲೆ ಕಪ್ಪು ಪಟ್ಟೆಗಳು ಮೂಡುವುದುಂಟು. ಮೆಕ್ಯಾನಿಕಲ್ ಶಟರ್‌ಗೆ ಬದಲಾಯಿಸಿ, ಆ್ಯಂಟಿ ಫ್ಲಿಕರ್ ಆಯ್ಕೆ ಇದ್ದರೆ ಹಾಕಿಕೊಳ್ಳಬೇಕು. ಕೆಂಪಿನ ಬಗ್ಗೆಯೂ ಎಚ್ಚರ. ದಗಲೆ ಮೊದಲಾದ ವೇಷದ ಬಟ್ಟೆಗಳ ಕೆಂಪು ತುಸು ಹೆಚ್ಚು ಬೆಳಕಿಗೆ ನೆರಿಗೆಗಳೆಲ್ಲ ಅಳಿಸಿ ಒಂದೇ ಮುದ್ದೆಯಾಗಿಬಿಡುತ್ತದೆ. ಎಕ್ಸ್‌ಪೋಶರ್ ಸ್ವಲ್ಪ ತಗ್ಗಿಸಿ, ರಾ ಫೈಲ್‌ನಲ್ಲಿ ತೆಗೆದರೆ ನೆರಿಗೆಗಳು ಉಳಿಯುತ್ತವೆ. ಫ್ಲಾಶ್ ಮಾತ್ರ ಖಂಡಿತ ಬೇಡ. ಭಾಗವತರ ಪದಕ್ಕೆ ಹೆಜ್ಜೆ ಹಾಕುತ್ತಿರುವವರ ಕಣ್ಣಿಗೆ ಕುಕ್ಕುವ ಬೆಳಕು ಬಿಡುವ ಹಕ್ಕು ನಮಗಿಲ್ಲ.

ಆಗುಂಬೆಯ ಮಳೆಯಲ್ಲಿ ಕಪ್ಪೆ ಹುಡುಕುವವರಿಗೆ ದೂರದ ಲೆಕ್ಕವೇ ಬೇರೆ. ಮ್ಯಾಕ್ರೋ ಲೆನ್ಸ್ ಎಂದರೆ ವಸ್ತು ಇದ್ದಷ್ಟೇ ಗಾತ್ರದಲ್ಲಿ ಸೆನ್ಸರ್ ಮೇಲೆ ಮೂಡುವಂತೆ ಮಾಡಬಲ್ಲದ್ದು. ಎರಡು ಸೆಂಟಿಮೀಟರಿನ ಪೊದೆಗಪ್ಪೆ ಆಗ ಫ್ರೇಮ್ ತುಂಬುತ್ತದೆ. ಆದರೆ ಆ ಅಳತೆಯಲ್ಲಿ ಎಫ್/8 ಇಟ್ಟರೂ ಸ್ಫುಟವಾಗಿರುವ ಆಳ ಒಂದು ಮಿ.ಮೀ.ನಷ್ಟು. ಕಣ್ಣು ಸರಿಯಾದರೆ ಮೂಗು ಮಸುಕು. 60 ಎಂಎಂಗಿಂತ 100 ಎಂಎಂ ಮ್ಯಾಕ್ರೋ ಮೇಲು, ಏಕೆಂದರೆ ಜೀವಿಯಿಂದ ಇನ್ನಷ್ಟು ದೂರ ನಿಂತೇ ಅದೇ ಗಾತ್ರ ಸಿಗುತ್ತದೆ. ಹಣ ಇಲ್ಲದಿದ್ದರೆ 50 ಎಂಎಂ ಲೆನ್ಸಿನ ಹಿಂದೆ 25 ಮಿ.ಮೀ. ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಿ. ಅರ್ಧ ಗಾತ್ರ ಸಿಗುತ್ತದೆ, ಕಲಿಯಲು ಅದು ಧಾರಾಳ. ಒದ್ದೆ ಎಲೆಯ ಹೊಳಪು ತೆಗೆದು ಅದರ ನಿಜವಾದ ಹಸಿರು ತರಲು ಪೋಲರೈಸರ್ ಫಿಲ್ಟರ್ ಒಂದಿರಲಿ. ಕಪ್ಪೆಯನ್ನು ಕೈಯಲ್ಲಿ ಹಿಡಿದು ಚೆಂದದ ಎಲೆಗೆ ಸಾಗಿಸುವ ಪದ್ಧತಿ ಹೆಚ್ಚುತ್ತಿದೆ. ಅದರ ಚರ್ಮ ಮುಟ್ಟಿದ್ದನ್ನೆಲ್ಲ ಹೀರುತ್ತದೆ, ನಮ್ಮ ಕೈಯ ಸೊಳ್ಳೆ ಔಷಧಿಯನ್ನೂ. ಮುಟ್ಟಬೇಡಿ.

ಮನುಷ್ಯರ ಚಿತ್ರಕ್ಕೆ ಹೆಚ್ಚು ಹೇಳಬೇಕಿಲ್ಲ. ಅರ್ಧ ಮೀಟರ್ ಹತ್ತಿರದಿಂದ ಮುಖ ತೆಗೆದರೆ ಮೂಗು ಉಬ್ಬುತ್ತದೆ. ಎರಡು ಮೀಟರಿಗೆ ಸರಿದರೆ ಮುಖ ತನ್ನ ಪ್ರಮಾಣಕ್ಕೆ ಮರಳುತ್ತದೆ. ಆ ದೂರಕ್ಕೆ ಹೊಂದುವುದರಿಂದಲೇ 85 ಎಂಎಂ ಪೋರ್ಟ್ರೇಟ್ ಲೆನ್ಸ್ ಎನಿಸಿಕೊಂಡದ್ದು. ಸಂತೆ, ಜಾತ್ರೆ, ಬೀದಿಗೆ 35 ಅಥವಾ 50. ಮೈಸೂರಿನ ಛಾಯಾಚಿತ್ರಕಾರ ಟಿ.ಎಸ್. ಸತ್ಯನ್ ಅವರು ತೆಗೆದ ಮಕ್ಕಳ ಚಿತ್ರಗಳನ್ನು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿಸಿತು. ಆ ಚಿತ್ರಗಳ ಆಪ್ತತೆ ಮಕ್ಕಳೊಂದಿಗೆ ಮಾತಾಡಬಲ್ಲ ಒಬ್ಬ ಮನುಷ್ಯನದು. 50 ಎಂಎಂ ಎಫ್/1.8 ಹೆಚ್ಚಿನ ಕಂಪನಿಗಳಲ್ಲಿ ಇರುವ ಅಗ್ಗದ, ಹಗುರ ಲೆನ್ಸ್. ಎರಡನೆಯ ಲೆನ್ಸ್ ಯಾವುದು ಎಂದು ಕೇಳಿದವರಿಗೆಲ್ಲ ನಾನು ಅದನ್ನೇ ಹೇಳುತ್ತೇನೆ.

ಆಮೇಲಿನದಕ್ಕೆ ನಿಮ್ಮದೇ ಚಿತ್ರಗಳನ್ನು ಕೇಳಿ. ಪ್ರತಿ ಫೈಲ್‌ನಲ್ಲೂ ಅದು ಎಷ್ಟು ಎಂಎಂನಲ್ಲಿ ತೆಗೆದದ್ದು ಎಂಬ ದಾಖಲೆ ಇರುತ್ತದೆ. ಕಳೆದ ವರ್ಷ ನಿಮಗೆ ಮೆಚ್ಚುಗೆಯಾದ ಚಿತ್ರಗಳನ್ನು ಸಾಲಾಗಿ ನೋಡಿ. ಕ್ಯಾಮೆರಾ ಜೊತೆ ಬರುವ 18-55 ಎಂಎಂ ಕಿಟ್ ಲೆನ್ಸಿನಲ್ಲಿ ಹೆಚ್ಚಿನವು 18ರಲ್ಲೇ ನಿಂತಿದ್ದರೆ ಕಣ್ಣು ಇನ್ನೂ ಅಗಲ ಬೇಡುತ್ತಿದೆ. 55ರಲ್ಲಿ ನಿಂತಿದ್ದರೆ ಇನ್ನೂ ದೂರ. ದೊಡ್ಡ ಲೆನ್ಸ್ ಕೊಳ್ಳುವ ಮೊದಲು ಬೆಂಗಳೂರಿನಲ್ಲಿ ದಿನದ ಬಾಡಿಗೆಗೆ ತಂದು ಒಂದು ವಾರಾಂತ್ಯ ಹೊತ್ತು ತಿರುಗಿ ನೋಡಬಹುದು. ತೂಕದ ಸತ್ಯ ಅಂಗಡಿಯಲ್ಲಿ ಗೊತ್ತಾಗುವುದಿಲ್ಲ.

ಮಲೆನಾಡು, ಕರಾವಳಿಯವರು ಲೆನ್ಸಿನಷ್ಟೇ ಗಮನವನ್ನು ಡಬ್ಬಕ್ಕೂ ಕೊಡಬೇಕು. ಮಳೆಗಾಲದ ತೇವದಲ್ಲಿ ಗಾಜಿನ ಮೇಲೆ ಫಂಗಸ್ ಹಬ್ಬಿ, ಅದರ ಆಮ್ಲ ಕೋಟಿಂಗ್ ತಿಂದುಹಾಕುತ್ತದೆ. ಡ್ರೈ ಕ್ಯಾಬಿನೆಟ್ ಇದ್ದರೆ ಸರಿ. ಇಲ್ಲವಾದರೆ ಬಿಗಿಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ತೇವ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರ್. ಮುಳ್ಳು 40ರಿಂದ 50ರ ನಡುವೆ ಇರಬೇಕು. ಚರ್ಮದ ಕವಚ ತೇವ ಹಿಡಿದಿಡುವುದರಿಂದ ಅದರಲ್ಲಿಟ್ಟು ಬೀರುವಿನಲ್ಲಿ ಮರೆಯಬಾರದು.

ಹಳೆಯ ಲೆನ್ಸ್ ಕೊಳ್ಳುವವರು ಮೊಬೈಲ್ ಟಾರ್ಚನ್ನು ಹಿಂಬದಿಯಿಂದ ಹಾಯಿಸಿ, ಮುಂಬದಿಯಿಂದ ನೋಡಬೇಕು. ಜೇಡರ ನೂಲಿನಂಥ ಎಳೆಗಳು ಕಂಡರೆ ಬೇಡ. ಒಂದೆರಡು ಧೂಳಿನ ಕಣಕ್ಕೆ ಹೆದರಬೇಕಿಲ್ಲ. ಅಪರ್ಚರ್ ದಳಗಳ ಮೇಲೆ ಎಣ್ಣೆ ಹೊಳೆಯುತ್ತಿದೆಯೇ ಪರೀಕ್ಷಿಸಿ. ಗೋಡೆಗೆ ದಿನಪತ್ರಿಕೆ ಅಂಟಿಸಿ, ನೇರ ಎದುರು ನಿಂತು, ಅಪರ್ಚರ್ ಪೂರ್ತಿ ತೆರೆದು ಒಂದು ಚಿತ್ರ ತೆಗೆದು ನಾಲ್ಕೂ ಮೂಲೆಯ ಅಕ್ಷರಗಳನ್ನು ದೊಡ್ಡದು ಮಾಡಿ ನೋಡಿ. ನಾಲ್ಕೂ ಸಮನಾಗಿ ಮೃದುವಾಗಿದ್ದರೆ ಅದು ಲೆನ್ಸಿನ ಸ್ವಭಾವ. ಒಂದು ಮೂಲೆ ಮಾತ್ರ ಕಲಸಿದ್ದರೆ ಲೆನ್ಸ್ ಎಲ್ಲೋ ಬಿದ್ದಿದೆ ಎಂಬ ಅನುಮಾನಕ್ಕೆ ಕಾರಣವಿದೆ. ಇಷ್ಟು ನೋಡಲು ಬಿಡದ ಮಾರಾಟಗಾರರಿಂದ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.