ಕನ್ನಡ ಬಂದ ದಾರಿಯಲ್ಲೇ ಕ್ರ್ಯಾಶ್ ಬಂತು

ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಡಿಟಿಪಿ ಅಂಗಡಿಗೆ ಲಗ್ನಪತ್ರಿಕೆ ಮಾಡಿಸಲು ಹೋದವರು ಈ ಮಾತು ಕೇಳಿಯೇ ಇರುತ್ತಾರೆ: ‘ಸಿಸ್ಟಮ್ ಪದೇಪದೇ ಹ್ಯಾಂಗ್ ಆಗ್ತಿದೆ, ಫಾರ್ಮ್ಯಾಟ್ ಹೊಡೀಬೇಕು, ನಾಳೆ ಬನ್ನಿ.’ ಈ ಫಾರ್ಮ್ಯಾಟ್ ಚಾಳಿ ಎಲ್ಲಿಂದ ಹುಟ್ಟಿತು ಎಂದು ಹುಡುಕಿದರೆ, ಕಂಪ್ಯೂಟರಿಗೆ ಕನ್ನಡ ಬಂದ ಕಥೆಯೇ ಸಿಗುತ್ತದೆ.

ಹೊರಗಿನವರು ಡೆಸ್ಕ್‌ಟಾಪನ್ನು ಬದಲಿಸಲು ಹೊರಟದ್ದು ಹೆಚ್ಚಾಗಿ ಚೆಂದಕ್ಕಾಗಿ. 1995ರಲ್ಲಿ ಮೈಕ್ರೋಸಾಫ್ಟ್ ತನ್ನ ‘ಪ್ಲಸ್’ ಪ್ಯಾಕಿನ ಜೊತೆ ಥೀಮುಗಳನ್ನು ಕೊಟ್ಟಿತು. ಆಮೇಲೆ ಕಿಟಕಿಗಳ ಅಂಚನ್ನೇ ಬದಲಿಸುವ ವಿಂಡೋಬ್ಲೈಂಡ್ಸ್, ಪರದೆಯ ಮೇಲೆ ಗಡಿಯಾರ, ಹವಾಮಾನ ತೋರಿಸುವ ರೇನ್‌ಮೀಟರ್ ಬಂದವು. ನಮ್ಮಲ್ಲಿ ಡೆಸ್ಕ್‌ಟಾಪಿಗೆ ಕೈ ಹಾಕಿದ್ದು ಅಕ್ಷರಕ್ಕಾಗಿ. ಡಾಸ್ ಕಾಲದಲ್ಲಿ ಕನ್ನಡಕ್ಕಾಗಿ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡನ್ನು ಯಂತ್ರದೊಳಗೆ ಕೂರಿಸುವುದಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು. ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದ ಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ಹಟ ಹಿಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ಕುವೆಂಪು ಹುಟ್ಟಿದ ಹಿರೇಕೊಡಿಗೆ ಕೊಪ್ಪ ತಾಲ್ಲೂಕಿನದೇ.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡದ ಫಾಂಟ್ ಇತ್ತು. ಅದರ ಹೆಸರು ತುಂಗಾ. ಶೃಂಗೇರಿಯ ಮುಂದೆ ಹರಿಯುವ ಹೊಳೆಯ ಹೆಸರೇ. ಆದರೆ ಎಕ್ಸ್‌ಪಿಯ ಸಿ.ಡಿ. ಹಾಕಿ, ರೀಜನಲ್ ಸೆಟ್ಟಿಂಗ್ಸ್‌ನಲ್ಲಿ ಒಂದು ಚೌಕಕ್ಕೆ ಟಿಕ್ ಕೊಡದಿದ್ದರೆ ಒತ್ತಕ್ಷರ ಒತ್ತಾಗಿ ಮೂಡುತ್ತಿರಲಿಲ್ಲ.

ಹ್ಯಾಂಗ್ ಆಗುವ ತೊಂದರೆಯ ಬೇರು ಇರುವುದು ಬರಹ, ನುಡಿಯಂಥ ತಂತ್ರಾಂಶಗಳು ಕೆಲಸ ಮಾಡುವ ಬಗೆಯಲ್ಲಿ. ವರ್ಡ್, ಪೇಜ್‌ಮೇಕರ್, ಬ್ರೌಸರ್, ಎಲ್ಲ ಕಡೆಯೂ ಕನ್ನಡ ಮೂಡಬೇಕಾದರೆ ಒತ್ತಿದ ಕೀಲಿಯನ್ನು ನಡುದಾರಿಯಲ್ಲೇ ಹಿಡಿಯಬೇಕು. ವಿಂಡೋಸ್ ಅದಕ್ಕೆ ‘ಹುಕ್’ ಹಾಕಲು ಬಿಡುತ್ತದೆ. ಹಲವು ಬಗೆಯ ಹುಕ್ಕುಗಳಲ್ಲಿ, ಹಾಕಿದವರ ಡಿಎಲ್‌ಎಲ್ ಕಡತ ಓಡುತ್ತಿರುವ ಪ್ರತಿ ಪ್ರೋಗ್ರಾಮಿನ ಮೆಮೊರಿಯೊಳಗೂ ಹೋಗಿ ಕೂರುತ್ತದೆ. ಥೀಮ್ ಬದಲಿಸುವ ತಂತ್ರಾಂಶಗಳು ಎಕ್ಸ್‌ಪ್ಲೋರರ್ ಒಳಗೆ ಹೊಗುವುದೂ ಹೆಚ್ಚುಕಡಿಮೆ ಹೀಗೆಯೇ. ಒಳಗೆ ಬಂದ ಕಡತ ತಪ್ಪಿದರೆ ಬೀಳುವುದು ಮಾತ್ರ ಜಾಗ ಕೊಟ್ಟ ಪ್ರೋಗ್ರಾಮು: ಟಾಸ್ಕ್‌ಬಾರ್ ಮಾಯವಾಗುತ್ತದೆ, ವರ್ಡ್ ಮುಚ್ಚಿಕೊಳ್ಳುತ್ತದೆ. ಇನ್ನು ಕೆಲವು ಥೀಮ್ ತಂತ್ರಾಂಶಗಳು ವಿಂಡೋಸಿನ ಒಳಗಿನ ಕೋಡ್ ಇಂಥಲ್ಲೇ ಇದೆ ಎಂದು ನಂಬಿ ನಡೆಯುತ್ತವೆ. ತಿಂಗಳ ಎರಡನೇ ಮಂಗಳವಾರದ ಅಪ್‌ಡೇಟ್ ಆ ಕೋಡನ್ನು ಸರಿಸಿತೋ, ನಿನ್ನೆವರೆಗೆ ಚೆನ್ನಾಗಿದ್ದ ಯಂತ್ರ ಇಂದು ಬೆಳಿಗ್ಗೆ ಕೈಕೊಡುತ್ತದೆ.

64 ಬಿಟ್ ವಿಂಡೋಸ್ ಬಂದಾಗ ಗೋಜಲು ಇನ್ನೂ ಹೆಚ್ಚಿತು. 32 ಬಿಟ್‌ನ ಡಿಎಲ್‌ಎಲ್ 64 ಬಿಟ್ ಪ್ರೋಗ್ರಾಮಿನೊಳಗೆ ಹೋಗಲಾರದು. ಒಂದು ಕಿಟಕಿಯಲ್ಲಿ ಕನ್ನಡ, ಪಕ್ಕದ್ದರಲ್ಲಿ ಬರೀ ಇಂಗ್ಲಿಷ್. ಸರಿಹೋಗಲೆಂದು ಇನ್ನೊಂದು ಟೈಪಿಂಗ್ ತಂತ್ರಾಂಶ ಹಾಕಿಕೊಂಡರೆ ಒಂದೇ ಕೀಲಿಯನ್ನು ಹಿಡಿಯಲು ಇಬ್ಬರು ಕಾಯುತ್ತಾರೆ.

ಕಾರಣ ಕಂಡುಹಿಡಿಯಲು ಫಾರ್ಮ್ಯಾಟ್ ಬೇಕಿಲ್ಲ. ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಕೆಳಗಿನ ಅಪ್ಲಿಕೇಶನ್ ಪಟ್ಟಿಗೆ ಹೋದರೆ, ಕೆಂಪು ಗುರುತಿನ 1000ನೇ ಸಂಖ್ಯೆಯ ದಾಖಲೆಗಳು ಸಿಗುತ್ತವೆ. ಬಿದ್ದ ಪ್ರೋಗ್ರಾಮಿನ ಹೆಸರನ್ನಷ್ಟೇ ನೋಡಿ ಬಿಡಬಾರದು. ಅದರ ಕೆಳಗಿರುವ ‘ಫಾಲ್ಟಿಂಗ್ ಮಾಡ್ಯೂಲ್’ ಸಾಲನ್ನು ಓದಬೇಕು. ಪ್ರತಿಸಲ ಅಲ್ಲಿ ಅದೇ ಥೀಮಿನ, ಅದೇ ಟೈಪಿಂಗ್ ತಂತ್ರಾಂಶದ ಕಡತ ಕಂಡರೆ ಅನುಮಾನ ಗಟ್ಟಿ. ಎನ್‌ಟಿ-ಡಿಎಲ್‌ಎಲ್ ಎಂದಿದ್ದರೆ ಆತುರ ಬೇಡ. ಅದು ವಿಂಡೋಸಿನದೇ ಕಡತ. ಬೇರೆ ಯಾರೋ ಕೆಡಿಸಿದ ಮೆಮೊರಿ ಎಷ್ಟೋ ಸಲ ಅಲ್ಲಿಗೆ ಬಂದಾಗ ಬಯಲಾಗುತ್ತದೆ. ಆಗ ಯಂತ್ರದ ಜೊತೆ ತಾವಾಗಿಯೇ ಶುರುವಾಗುವ ಹೊರಗಿನ ಪ್ರೋಗ್ರಾಮುಗಳನ್ನೆಲ್ಲ ನಿಲ್ಲಿಸಿ, ಅರ್ಧವನ್ನು ಮತ್ತೆ ಹಚ್ಚಿ ನೋಡಬೇಕು. ಕ್ರ್ಯಾಶ್ ಬಂದರೆ ತಪ್ಪು ಆ ಅರ್ಧದಲ್ಲಿ, ಬಾರದಿದ್ದರೆ ಉಳಿದದ್ದರಲ್ಲಿ. ಹದಿನಾರು ಪ್ರೋಗ್ರಾಮುಗಳಲ್ಲಿ ಒಂದೇ ಒಂದು ಕೆಟ್ಟಿದ್ದರೆ ನಾಲ್ಕೇ ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ.

ಮಲೆನಾಡಿನಲ್ಲಿ ಇನ್ನೊಂದು ಪರೀಕ್ಷೆ ಮಾಡಲೇಬೇಕು. ಸೇಫ್ ಮೋಡಿನಲ್ಲೂ ಯಂತ್ರ ಬೀಳುತ್ತಿದ್ದರೆ, ಮಾಡ್ಯೂಲಿನ ಹೆಸರು ಒಂದೊಂದು ಸಲ ಒಂದೊಂದಾಗಿದ್ದರೆ, ತಂತ್ರಾಂಶವನ್ನು ಬಿಟ್ಟು ರ‍್ಯಾಮ್ ಕಡೆ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿಯಲ್ಲಿ ಅದರ ಲೋಹದ ಹಲ್ಲುಗಳು ಮಂಕಾಗುತ್ತವೆ. ನಮ್ಮ ರಿಪೇರಿ ಹುಡುಗರು ಅದನ್ನು ಬಿಚ್ಚಿ ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ ಕೂರಿಸುತ್ತಾರೆ. ಇದು ಒಳ್ಳೆಯ ವಿದ್ಯೆ. ಅದಾದ ಮೇಲೂ ಬಿದ್ದರೆ ವಿಂಡೋಸಿನ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಬಹುದು.

2019ರ ವಿಂಡೋಸ್ 10 ಅಪ್‌ಡೇಟಿನಿಂದ ಕನ್ನಡದ ಫೊನೆಟಿಕ್ ಕೀಲಿಮಣೆ ವಿಂಡೋಸಿನಲ್ಲೇ ಇದೆ, ಹೊರಗಿನ ಹುಕ್ ಬೇಡ. ಆದರೂ ನುಡಿಯ ವಿನ್ಯಾಸಕ್ಕೆ ಬೆರಳು ಪಳಗಿದವರು ಅದನ್ನು ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ನನ್ನ ಆತಂಕ ಹಳೆಯ ಕಡತಗಳದು. ಯೂನಿಕೋಡಿಗೆ ಮುಂಚಿನ ಕನ್ನಡ ಕಡತದಲ್ಲಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಕನ್ನಡವಾಗಿ ತೋರಿಸುವುದು ಫಾಂಟು. ಫಾರ್ಮ್ಯಾಟ್ ಹೊಡೆದಾಗ ಫಾಂಟ್ ಹೋದರೆ ಸಹಕಾರ ಸಂಘದ ಠರಾವು, ದೇವಸ್ಥಾನದ ಸ್ಮರಣ ಸಂಚಿಕೆ, ತೋಟದ ಪಾಲುಪಟ್ಟಿ ಎಲ್ಲವೂ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಫಾರ್ಮ್ಯಾಟ್ ಮಾಡಲೇಬೇಕೆಂದು ಅಂಗಡಿಯವರು ಹೇಳಿದರೆ, ಮೊದಲು ಕಡತಗಳ ಜೊತೆ ಫಾಂಟ್ಸ್ ಫೋಲ್ಡರನ್ನೂ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಆಮೇಲೆ ಬಿಡುವಾದಾಗ ಒಂದೊಂದನ್ನೇ ಯೂನಿಕೋಡಿಗೆ ಪರಿವರ್ತಿಸಿ ಇಡಿ.