ಮಳೆಗಾಲದ ನಡುಗಡ್ಡೆ ನರಸೋಬಾವಾಡಿ

ನೀರ ನಡುವಿನ ಗುಡಿ ಎಂದೊಡನೆ ಕುಂಬಳೆ ಸೀಮೆಯವರಾದ ನಮಗೆ ಅನಂತಪುರದ ಸರೋವರ ಕ್ಷೇತ್ರ ನೆನಪಾಗುತ್ತದೆ. ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ ಇನ್ನೊಂದು ಬಗೆಯ ಗುಡಿಯಿದೆ. ವರ್ಷದ ಹೆಚ್ಚಿನ ದಿನಗಳಲ್ಲಿ ಅದು ಹೊಳೆಯ ದಂಡೆ. ಮಹಾಪೂರ ಬಂದಾಗ ನಡುಗಡ್ಡೆ. ಅದೇ ನರಸೋಬಾವಾಡಿ.

ಬೆಳಗಾವಿಯಿಂದ ಹೊರಟ ನಾವು ಸಂಕೇಶ್ವರದ ಬಳಿ ತಿರುಗಿ, ಗಡಹಿಂಗ್ಲಜದಲ್ಲಿ ಹಿರಣ್ಯಕೇಶಿಯನ್ನು ಕಂಡು, ಇಚಲಕರಂಜಿಯ ಮಗ್ಗಗಳ ಸದ್ದು ಕೇಳುತ್ತ ವಾಡಿ ಸೇರಿದೆವು. ಫಲಕಗಳೆಲ್ಲ ಮರಾಠಿ. ಆದರೆ ಬಸ್ಸಿನಲ್ಲಿ, ಪೇಢೆಯಂಗಡಿಯ ಮುಂದೆ ಕನ್ನಡ ಕಿವಿಗೆ ಬೀಳುತ್ತಲೇ ಇತ್ತು. ಮನೆಗೊಂದು ಭಾಷೆ, ಕಚೇರಿಗೊಂದು ಭಾಷೆ, ನಮಗಿದು ಹೊಸತೇನಲ್ಲ.

ಇಲ್ಲಿ ಪಂಚಗಂಗೆ ಕೃಷ್ಣೆಯನ್ನು ಸೇರುತ್ತದೆ. ಶ್ರೀ ನರಸಿಂಹ ಸರಸ್ವತಿಗಳು ಇಲ್ಲಿ 12 ವರ್ಷ ನೆಲೆಸಿ, ಬಳಿಕ ನಮ್ಮ ಗಾಣಗಾಪುರಕ್ಕೆ ತೆರಳಿದರೆಂದು ಭಕ್ತರ ನಂಬಿಕೆ. ಪೂಜೆ ಮೂರ್ತಿಗಲ್ಲ, ಪಾದುಕೆಗಳಿಗೆ. ಗುಡಿಗೆ ಶಿಖರವಿಲ್ಲ. ಮಗಳಿಗೆ ಕಣ್ಣು ಬಂದುದಕ್ಕಾಗಿ ಬಿಜಾಪುರದ ಆದಿಲಶಾಹಿ ಸುಲ್ತಾನನೇ ಇದನ್ನು ಕಟ್ಟಿಸಿದನೆಂಬ ಐತಿಹ್ಯವಿದೆ.

ಮಳೆಗಾಲದಲ್ಲಿ ಕೃಷ್ಣೆ ಉಕ್ಕಿ ಗುಡಿಯೊಳಗೆ ನುಗ್ಗುತ್ತಾಳೆ. ಪಾದುಕೆಗಳನ್ನು ತೊಳೆದ ನೀರು ದಕ್ಷಿಣದ ಬಾಗಿಲಿನಿಂದ ಹೊರಬೀಳುವಾಗ ಅದರಲ್ಲಿ ಮೀಯಲು ಜನ ದೂರದೂರದಿಂದ ಬರುತ್ತಾರೆ. ಇದೇ ದಕ್ಷಿಣದ್ವಾರ ಸ್ನಾನ. ನೆರೆ ಇಲ್ಲಿ ಉತ್ಸವವೂ ಹೌದು, ಭಯವೂ ಹೌದು. 2005, 2019, 2021ರಲ್ಲಿ ಅದು ಉತ್ಸವದ ಎಲ್ಲೆ ಮೀರಿತು. 2019ರ ಆಗಸ್ಟಿನಲ್ಲಂತೂ ಶಿರೋಳ ತಾಲೂಕಿನ ಊರೂರೇ ನೀರಿನಿಂದ ಸುತ್ತುವರಿದು, ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು.

ಘಟ್ಟದ ಬಳಿ ಅಂಬಿಗನೊಬ್ಬ ನಮ್ಮನ್ನು ದೋಣಿಯಲ್ಲಿ ಕೂರಿಸಿಕೊಂಡ. ನಾವು ಕಡಲ ಕರೆಯವರೆಂದು ತಿಳಿದು, ನಿಮ್ಮಲ್ಲಿ ಮೀನು ಹೇಗೆಂದು ವಿಚಾರಿಸಿದ. ಅವನ ಪ್ರಶ್ನೆಗೆ ಕಾರಣವಿತ್ತು. ಬೇಸಗೆಯಲ್ಲಿ ಪಂಚಗಂಗೆಯ ಹರಿವು ತಗ್ಗಿದಾಗ, ಮೇಲಿನ ಪಟ್ಟಣಗಳ ಚರಂಡಿ, ಬಟ್ಟೆಗೆ ಬಣ್ಣ ಹಾಕಿದ ನೀರು, ಕಾರ್ಖಾನೆಯ ತ್ಯಾಜ್ಯ ಎಲ್ಲವೂ ಬಂಧಾರಗಳಲ್ಲಿ ನಿಲ್ಲುತ್ತದೆ. ಅಂಥ ನೀರಿನಲ್ಲಿ ಪ್ರಾಣವಾಯು ಕಡಿಮೆಯಾಗಿ ಮೀನುಗಳು ರಾಶಿರಾಶಿ ಸಾಯುತ್ತವೆ. ಕುರುಂದವಾಡದ ಹತ್ತಿರದ ತೇರವಾಡ ಬಂಧಾರದಲ್ಲಿ ಇದು ಮತ್ತೆ ಮತ್ತೆ ನಡೆದಿದೆ. ಬಲೆ ಬೀಸುವವನ ಹೊಟ್ಟೆಗೆ ಇದೇ ಮೊದಲ ಪೆಟ್ಟು. ಕೆಟ್ಟ ನೀರು ಊರಿನವರನ್ನೂ ಬಿಡಲಿಲ್ಲ: 2012ರಲ್ಲಿ ಇಚಲಕರಂಜಿಯಲ್ಲಿ ಕುಡಿಯುವ ನೀರು ಕೆಟ್ಟು ಕಾಮಾಲೆ ಹಬ್ಬಿ ಸಾವಿರಾರು ಜನ ನರಳಿದರು.

ಪಾದುಕೆ ತೊಳೆಯುವ ನೀರನ್ನು ತೀರ್ಥವೆಂದು ತಲೆಗೆ ಪ್ರೋಕ್ಷಿಸಿಕೊಳ್ಳುವವರೇ ಅದಕ್ಕೆ ಚರಂಡಿ ಬಿಟ್ಟರೆ ಯಾರನ್ನು ದೂರೋಣ? ಈ ನೀರು ಮುಂದೆ ಹರಿದು ಬರುವುದು ಕರ್ನಾಟಕಕ್ಕೇ. ನಮ್ಮ ಚಂದ್ರಗಿರಿ ಹೊಳೆಯ ದಂಡೆಯವರಿಗೂ ಈ ಮಾತು ಸಲ್ಲುತ್ತದೆ.

ವಾಡಿಗೆ ಹೋಗುವವರು ಮೀರಜ ಅಥವಾ ಜಯಸಿಂಗಪುರದಲ್ಲಿ ರೈಲಿಳಿದು ಬಸ್ಸು ಹಿಡಿಯಬಹುದು. ಹೂಮಾಲೆಯನ್ನು ಪ್ಲಾಸ್ಟಿಕ್ ಚೀಲ ಸಹಿತ ನದಿಗೆ ಎಸೆಯದಿದ್ದರೆ ಅದೂ ಒಂದು ಸೇವೆಯೇ.