ಮದ್ದಿನ ಮನೆಯಿಂದ ಪಡಸಾಲೆಗೆ ಬಂದ ಪಿಸ್ತೂಲು

ಪಾಂಡವಪುರದ ಬೇಬಿ ಬೆಟ್ಟದ ದನಗಳ ಜಾತ್ರೆ, ಕೆ.ಆರ್. ಪೇಟೆಯ ಹೇಮಗಿರಿ ಜಾತ್ರೆ, ನಾಗಮಂಗಲದ ಆದಿಚುಂಚನಗಿರಿ ಜಾತ್ರೆ. ನಮ್ಮ ಸೀಮೆಯ ಇಂಥ ಜಾತ್ರೆಗಳಲ್ಲಿ ಬಲೂನು ಹೊಡೆಯುವ ಅಂಗಡಿಯ ಮುಂದೆ ಹುಡುಗರು ಮುತ್ತಿಕೊಳ್ಳುತ್ತಾರೆ. ಇಲ್ಲಿನ ಬಹಳ ಜನ ಮೊದಲು ಏರ್ ಗನ್ ಹಿಡಿದದ್ದು ಅಲ್ಲೇ. ಆ ಸವೆದ ಕೋವಿಗೂ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎತ್ತಿ ಹಿಡಿದ ಏರ್ ಪಿಸ್ತೂಲಿಗೂ ವಂಶ ಒಂದೇ, ಆದರೆ ನಡುವೆ ಇನ್ನೂರು ವರ್ಷಗಳ ದಾರಿ ಇದೆ. ಗುರಿಗೆ ಅಡ್ಡ ಬರುವ ಒಂದೊಂದೇ ತೊಡಕನ್ನು ಯಂತ್ರದಿಂದ ಕಳೆಯುತ್ತಾ, ಕೊನೆಗೆ ಹಿಡಿದವರ ಕೈ ಮತ್ತು ಮನಸ್ಸನ್ನಷ್ಟೇ ಉಳಿಸಿದ ದಾರಿ ಅದು.

ಶ್ರೀರಂಗಪಟ್ಟಣದ ರೈಲು ನಿಲ್ದಾಣದ ಬಳಿಯಿದ್ದ ಟಿಪ್ಪು ಕಾಲದ ಶಸ್ತ್ರಾಗಾರವನ್ನು ಜೋಡಿ ಹಳಿಗೆ ಜಾಗ ಮಾಡಲು 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದ್ದು ಹಲವರಿಗೆ ನೆನಪಿದೆ. ಅದರ ದಪ್ಪ ಗೋಡೆಗಳನ್ನು ನೋಡಿದರೆ ಆ ಕಾಲದ ಬಂದೂಕಿನ ಕಷ್ಟ ತಿಳಿಯುತ್ತದೆ. ಮದ್ದು ಒದ್ದೆಯಾಗಬಾರದು, ಕಿಡಿ ತಾಗಬಾರದು. ಅದಕ್ಕೊಂದು ಕೋಟೆಯೊಳಗಿನ ಕೋಟೆಯೇ ಬೇಕಿತ್ತು. ಟಿಪ್ಪು ಆಳುತ್ತಿದ್ದ ಆ ವರ್ಷಗಳಲ್ಲೇ ಆಸ್ಟ್ರಿಯಾದ ಸೈನ್ಯದಲ್ಲಿ ಮದ್ದೇ ಬೇಡದ ಗಿರಾರ್ದೋನಿ ಗಾಳಿಕೋವಿ ಇತ್ತು. ಹೊಗೆಯಿಲ್ಲ, ಮಳೆಯ ಭಯವಿಲ್ಲ. ಆದರೆ ಹಿಂಬದಿಯ ಬುರುಡೆಗೆ ಗಾಳಿ ತುಂಬಲು ಸಾವಿರಕ್ಕೂ ಹೆಚ್ಚು ಸಲ ಪಂಪು ಒತ್ತಬೇಕಿತ್ತು, ಸ್ವಲ್ಪ ಪೆಟ್ಟಾದರೂ ಗಾಳಿ ಸೋರುತ್ತಿತ್ತು. 19ನೇ ಶತಮಾನದ ಮೊದಲ ದಶಕಗಳಲ್ಲಿ ಸೈನ್ಯ ಅದನ್ನು ಕೈಬಿಟ್ಟಿತು.

ಗಾಳಿಯ ಆಯುಧ ಆಟದ ಸಾಧನವಾಗಿ ಬೆಳೆದದ್ದಕ್ಕೆ ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಸೋಲು ಒಂದು ಕಾರಣ. ಗೆದ್ದ ದೇಶಗಳು ಜರ್ಮನಿಯಲ್ಲಿ ಬಂದೂಕು ತಯಾರಿಕೆಯನ್ನು ನಿಷೇಧಿಸಿದವು. ಹೊಟ್ಟೆಪಾಡಿಗೆ ದಾರಿ ಹುಡುಕುತ್ತಿದ್ದ ನುರಿತ ಬಂದೂಕು ಕಸುಬುದಾರರು ಗಾಳಿಯ ಕಡೆ ತಿರುಗಿದರು. ಉಲ್ಮ್ ಊರಿನಲ್ಲಿ ಮತ್ತೆ ಬಾಗಿಲು ತೆರೆದ ವಾಲ್ಥರ್ ಕಂಪನಿ 1953ರಲ್ಲಿ ಎಲ್‌ಪಿ 53 ಎಂಬ ಪಿಸ್ತೂಲು ತಂದಿತು. ಒಬರ್ನ್‌ಡಾರ್ಫ್‌ನಲ್ಲಿ ಮೌಸರ್ ಕಾರ್ಖಾನೆಯ ಹಳೆಯ ಎಂಜಿನಿಯರುಗಳು ಫೈನ್‌ವೆರ್ಕ್‌ಬಾವ್ ಎಂಬ ಕಂಪನಿ ಕಟ್ಟಿದರು.

ಮೊದಲ ತೊಡಕು ಸ್ಪ್ರಿಂಗಿನದು. ಕುದುರೆ ಒತ್ತಿದೊಡನೆ ಬಿಗಿದ ಸ್ಪ್ರಿಂಗು ಚಿಮ್ಮಿ ಪಿಸ್ಟನ್ನನ್ನು ದೂಡುತ್ತದೆ, ಅದು ಗಾಳಿಯನ್ನು ಹಿಂಡುತ್ತದೆ. ಗುಂಡು ನಳಿಕೆ ದಾಟುವ ಮೊದಲೇ ಕೈಯಲ್ಲಿರುವ ಪಿಸ್ತೂಲು ಅದುರಿಬಿಡುತ್ತದೆ. ಫೈನ್‌ವೆರ್ಕ್‌ಬಾವ್ 1965ರಲ್ಲಿ ಇದಕ್ಕೆ ಮದ್ದು ಕಂಡುಹಿಡಿಯಿತು. ಹೊಡೆದ ಕ್ಷಣದಲ್ಲಿ ಮೇಲಿನ ಭಾಗವಷ್ಟೇ ಹಳಿಯ ಮೇಲೆ ಹಿಂದಕ್ಕೆ ಜಾರುತ್ತದೆ, ಹಿಡಿ ಅಲುಗುವುದಿಲ್ಲ. ಬಳಿಕ ಒಂದೇ ಸಲ ಸನ್ನೆ ಎಳೆದು ಗಾಳಿ ಒತ್ತುವ ಪಿಸ್ತೂಲುಗಳು ಬಂದವು. ಅವುಗಳಲ್ಲಿ ಸ್ಪ್ರಿಂಗಿನ ಏಟು ಇಲ್ಲ, ಆದರೆ ಪ್ರತಿ ಗುಂಡಿಗೂ ಸನ್ನೆ ಎಳೆದು ತೋಳು ಸೋಲುತ್ತಿತ್ತು. ಇಂಗಾಲದ ಡೈಆಕ್ಸೈಡ್ ತುಂಬಿದ ಪಿಸ್ತೂಲು ತೋಳಿಗೆ ಬಿಡುವು ಕೊಟ್ಟರೂ ಸೆಕೆ ಏರಿದಂತೆ ಅದರ ಒತ್ತಡ ಏರಿ ವೇಗ ಬದಲಾಗುತ್ತಿತ್ತು. ಈಗಿನ ಪಿಸ್ತೂಲಿನಲ್ಲಿ ನಳಿಕೆಯ ಕೆಳಗೊಂದು ಸಣ್ಣ ಸಿಲಿಂಡರು, ಅದರಲ್ಲಿ ಸುಮಾರು 200 ಬಾರ್ ಒತ್ತಡದ ಬರಿಯ ಗಾಳಿ. ನಿಯಂತ್ರಕವೊಂದು ಪ್ರತಿ ಸಲವೂ ಒಂದೇ ಅಳತೆಯ ಗಾಳಿ ಬಿಡುತ್ತದೆ.

ಆಟದ ಅಳತೆಗಳೂ ಹೀಗೇ ಖಚಿತವಾದವು. ದೂರ 10 ಮೀಟರು. ಪಿಸ್ತೂಲಿನ ತೂಕ 1500 ಗ್ರಾಂ ಮೀರಬಾರದು. ಕುದುರೆ ಕನಿಷ್ಠ 500 ಗ್ರಾಂ ಭಾರಕ್ಕೆ ಬಿಡಬೇಕು. ಹಿಡಿಯುವುದು ಒಂದೇ ಕೈಯಲ್ಲಿ. 75 ನಿಮಿಷಗಳಲ್ಲಿ 60 ಗುಂಡು. ಹತ್ತು ಅಂಕದ ವೃತ್ತದ ಅಡ್ಡಳತೆ ಬರೇ 11.5 ಮಿಲಿಮೀಟರು. ವಿಶ್ವ ಚಾಂಪಿಯನ್‌ಷಿಪ್‌ಗೆ ಈ ಸ್ಪರ್ಧೆ 1970ರಲ್ಲಿ ಸೇರಿತು, ಒಲಿಂಪಿಕ್ಸ್‌ಗೆ 1988ರಲ್ಲಿ.

ಕರ್ನಾಟಕಕ್ಕೆ ಈ ಆಟದಲ್ಲಿ ಹೆಮ್ಮೆಪಡುವ ಹೆಸರುಗಳಿವೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದು, ಶೂಟರ್ ಆಗಿದ್ದ ತಂದೆ ಪಿ.ಎನ್. ಪಾಪಣ್ಣ ಅವರ ಹಾದಿ ಹಿಡಿದರು. 2013ರ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಕಂಚು ಗೆದ್ದರು. ಅದೇ ವರ್ಷ ಮುಖದ ಒಂದು ಪಕ್ಕ ಪಾರ್ಶ್ವವಾಯುವಿಗೆ ತುತ್ತಾಯಿತು. ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರ ಕೊರಳಲ್ಲಿ ಬೆಳ್ಳಿ ಪದಕ ಇತ್ತು. ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಟಿ.ಎಸ್. ದಿವ್ಯಾ ಪಿಸ್ತೂಲು ಹಿಡಿದು, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಿಂದ ಎರಡು ಬೆಳ್ಳಿ ತಂದರು. 2025ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಾಗ ಜೊನಾಥನ್ ಗೇವಿನ್ ಆ್ಯಂಟನಿಗೆ ಹದಿನೈದೇ ವರ್ಷ.

ಪದಕದ ಆಸೆ ಇಲ್ಲದವರೂ ಈ ಪಿಸ್ತೂಲು ಕೊಳ್ಳಬಹುದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 0.177 ಅಂಗುಲ ಮೀರದ ನಳಿಕೆ, 20 ಜೂಲ್ ಮೀರದ ಶಕ್ತಿ ಇರುವ ಗಾಳಿ ಆಯುಧಕ್ಕೆ ಪರವಾನಗಿ ಬೇಡ. ಸ್ಪರ್ಧೆಯ ಪಿಸ್ತೂಲಿನ ಶಕ್ತಿ ಆರೇಳು ಜೂಲ್ ದಾಟುವುದಿಲ್ಲ. ಆಮದಾದ ಒಳ್ಳೆಯ ಪಿಸ್ತೂಲಿನ ಬೆಲೆ ಲಕ್ಷ ದಾಟುತ್ತದೆ, ಆದ್ದರಿಂದ ಹೆಸರು ನೋಡಿ ಕೊಳ್ಳಬಾರದು, ಕೈ ನೋಡಿ ಕೊಳ್ಳಬೇಕು. ಮರದ ಹಿಡಿ ಅಂಗೈಗೆ ಕೂರಬೇಕು. ಕಣ್ಣು ಮುಚ್ಚಿ ತೋಳು ಎತ್ತಿ, ಕಣ್ಣು ತೆರೆದಾಗ ಮುಂದಿನ ಗುರಿಮೊಳೆ ಹಿಂದಿನ ಸಂದಿನ ನಡುವೆ ತಾನಾಗಿ ನಿಂತಿದ್ದರೆ ಆ ಹಿಡಿ ನಿಮ್ಮದು. ಸಿಲಿಂಡರಿನ ಮೇಲೆ ಅಚ್ಚಾದ ತಯಾರಿಕೆಯ ವರ್ಷವನ್ನು ನೋಡದೆ ದುಡ್ಡು ಕೊಡಬೇಡಿ. ಅದರ ಸುರಕ್ಷಿತ ಆಯುಷ್ಯ ಸಾಮಾನ್ಯವಾಗಿ ಹತ್ತು ವರ್ಷ. ಗಾಳಿ ತುಂಬಲು ಕೈಪಂಪು ಇದ್ದರೆ ಹಳ್ಳಿಯಲ್ಲೂ ಪರದಾಟವಿಲ್ಲ.

ಪಡಸಾಲೆಯ ಈ ತುದಿಯಿಂದ ಹಿತ್ತಿಲ ಗೋಡೆಯವರೆಗೆ ಹತ್ತು ಮೀಟರು ಸಿಕ್ಕರೆ ಮನೆಯಲ್ಲೇ ಅಭ್ಯಾಸ ಮಾಡಬಹುದು. ಕಣ್ಣು ಗುರಿಹಲಗೆಯ ಮೇಲಲ್ಲ, ಮುಂದಿನ ಮೊಳೆಯ ಮೇಲೆ ನೆಡಬೇಕು. ಹಲಗೆಯ ಕಪ್ಪು ಮಸುಕಾಗಿ ಕಾಣಲಿ. ಕೈ ನಡುಗುತ್ತದೆ, ನಡುಗಲಿ. ಉಸಿರು ತಗ್ಗಿದಾಗ ಬೆರಳು ಅವಸರವಿಲ್ಲದೆ ಒತ್ತುತ್ತಾ ಹೋಗಬೇಕು. ಚಪ್ಪಟೆ ಮೂತಿಯ ಗುಂಡು ಕಾಗದದಲ್ಲಿ ದುಂಡನೆಯ ತೂತು ಕೊರೆಯುತ್ತದೆ. ಹತ್ತಕ್ಕೆ ಬಿದ್ದರೆ ಏಕೆ ಬಿತ್ತೆಂದು ಗೊತ್ತಾಗುತ್ತದೆ, ಏಳಕ್ಕೆ ಬಿದ್ದರೂ ಅಷ್ಟೇ. ದೂರಲು ಯಂತ್ರದಲ್ಲಿ ಏನೂ ಉಳಿದಿಲ್ಲ. ಈ ಹವ್ಯಾಸದ ಸುಖ ಇರುವುದು ಅಲ್ಲೇ. ದಿನವಿಡೀ ಚದುರಿದ ಮನಸ್ಸನ್ನು ಒಂದು ಮೊಳೆಯ ತುದಿಗೆ ತಂದು ನಿಲ್ಲಿಸುವ ಕೆಲಸ ಅದು.

ಆದರೆ ಆರೇಳು ಜೂಲ್ ಕೂಡ ಕಣ್ಣು ಕಳೆಯಬಲ್ಲದು. ಕನ್ನಡಕ, ಗುಂಡು ಹಿಡಿಯುವ ಕಬ್ಬಿಣದ ಪೆಟ್ಟಿಗೆ, ಅದರ ಹಿಂದೆ ಗಟ್ಟಿ ಗೋಡೆ, ಮಕ್ಕಳ ಕೈಗೆಟುಕದ ಬೀಗ ಬೇಕೇ ಬೇಕು. ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬಾರದು. ಹಕ್ಕಿಯ ಕಡೆಗಂತೂ ಪಿಸ್ತೂಲು ತಿರುಗಲೇಬಾರದು. ಶ್ರೀರಂಗಪಟ್ಟಣದಲ್ಲಿ ರಂಗನತಿಟ್ಟು, ನಾಗಮಂಗಲದಲ್ಲಿ ಆದಿಚುಂಚನಗಿರಿ ನವಿಲುಧಾಮ, ಪಾಂಡವಪುರದಲ್ಲಿ ಮೇಲುಕೋಟೆ ವನ್ಯಧಾಮ ಇರುವ ಸೀಮೆ ನಮ್ಮದು. ಏರ್ ಗನ್ ಎಂದರೆ ಕೊಕ್ಕರೆ ಹೊಡೆಯುವುದು ಎಂಬ ಹಳೆಯ ಚಟ ಕಾನೂನಿಗೂ ಅಪರಾಧ, ಈ ಆಟಕ್ಕೂ ಅವಮಾನ.

ಇದಕ್ಕೆ ಮೈದಾನ ಬೇಡ, ಎತ್ತರದ ಆಳು ಬೇಡ, ವಯಸ್ಸಿನ ಹಂಗೂ ಇಲ್ಲ. ಹುಡುಗಿಯರೂ ಹುಡುಗರೂ ಒಂದೇ ಗೆರೆಯಲ್ಲಿ ನಿಂತು ಕಲಿಯಬಹುದು. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ, ನಮ್ಮ ಈ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಒಂದೊಂದು ಉದ್ದನೆಯ ಕೋಣೆ, ನಾಲ್ಕಾರು ಗುರಿಹಲಗೆ, ತಿಳಿದ ಒಬ್ಬ ತರಬೇತುದಾರ ಇದ್ದರೆ, ಲಕ್ಷ ಕೊಟ್ಟು ಕೊಳ್ಳಲಾಗದ ಮಕ್ಕಳೂ ಹಂಚಿಕೊಂಡು ಅಭ್ಯಾಸ ಮಾಡುತ್ತಾರೆ. ಜಾತ್ರೆಯ ಬಲೂನಿಗೆ ಗುರಿಯಿಡುವ ಮಕ್ಕಳಿಗೆ ಕಣ್ಣಿದೆ, ಕೈಯಿದೆ. ಅವರಿಗೆ ಬೇಕಾದ ಹತ್ತು ಮೀಟರು ಜಾಗ ಕೊಡುವುದು ಊರಿನ ಹಿರಿಯರ ಕೆಲಸ.